ಮದ್ದಿಲ್ಲದ ಗುಂಡು

ಅಭ್ಯಾಸದ ಡಬ್ಬಿಯ ಐವತ್ತರಲ್ಲಿ ಒಂದು ಪಿಸ್ತೂಲ್ ಗುಂಡು ಮಾತ್ರ ತಕ್ಕಡಿಯಲ್ಲಿ ಹಗುರವಾಗಿತ್ತು. ಅವಳು ಅದನ್ನು ತೆಗೆದು, ಒರೆಸಿ, ಮತ್ತೆ ಇಟ್ಟಳು. ಮುಳ್ಳು ಮತ್ತೆ ಅಲ್ಲೇ ನಿಂತಿತು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೈದು ವರ್ಷ ಹನಿ ಹನಿ ಅಳೆದವಳು. ಅಳತೆಯ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ. ತಕ್ಕಡಿ ಗಂಡನದು. ಗುಂಡುಗಳಿಗೆ ಮದ್ದು ತುಂಬಿದವನೂ ಅವನೇ. ಅವನು ತನ್ನ ಗಡಿಯಾರ ರಿಪೇರಿ ಅಂಗಡಿಯಿಂದ ಊಟಕ್ಕೆ ಬರಲು ಇನ್ನೂ ಅರ್ಧ ಗಂಟೆಯಿತ್ತು.

ಗುಂಡು ಬಿಚ್ಚುವ ಸುತ್ತಿಗೆಯೊಳಗೆ ಅದನ್ನು ಸಿಕ್ಕಿಸಿ ನೆಲಕ್ಕೆ ಎರಡು ಸಲ ಕುಟ್ಟಿದಳು. ಸೀಸದ ಮೂತಿ ಕಳಚಿಕೊಂಡಿತು. ಹಿತ್ತಾಳೆಯ ಕೇಸನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿದಳು. ಒಂದು ಕಾಳು ಮದ್ದೂ ಉದುರಲಿಲ್ಲ. ಇಂಥ ಗುಂಡು ಬುಡದ ಕೇಪಿನ ಕಿಡಿಗೆ ಒಂದಿಷ್ಟು ದೂರ ತಳ್ಳಿಸಿಕೊಂಡು ನಳಿಗೆಯಲ್ಲೇ ಸಿಕ್ಕಿಬೀಳಬಹುದು. ತಿಳಿಯದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸಿಡಿದು ಕೈಯೇ ಹೋಗಬಹುದು. ಅವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳಿಗೆ ಇದನ್ನೆಲ್ಲ ಹೇಳಿಕೊಟ್ಟವನೇ ಅವನು.

ಅವಳು ಆಡಿದ ಹಿಂದಿನ ಎರಡು ಪಿಸ್ತೂಲ್ ಪಂದ್ಯಗಳಲ್ಲೂ ಕೊನೆಯ ಸುತ್ತಿನ ಒಂದು ಗುಂಡು ಗುರಿಹಲಗೆಯ ಕಪ್ಪು ವೃತ್ತದ ಕೆಳಗಂಚಿಗೆ ಜಾರಿತ್ತು. ಅವಳು ನಳಿಗೆ ತಿಕ್ಕಿದಳು, ಸ್ಪ್ರಿಂಗ್ ಬದಲಾಯಿಸಿದಳು, ಗುರಿ ನೋಡುವ ಕಚ್ಚಿನ ತಿರುಪುಗಳನ್ನೆಲ್ಲ ಬಿಗಿ ಮಾಡಿದಳು. ಪಿಸ್ತೂಲಿನಲ್ಲಿ ಯಾವ ಐಬೂ ಇರಲಿಲ್ಲ. ಎರಡು ಸಲವೂ ಗಂಡನೇ ಕೋಚ್ ಮುಂದೆ ಹೋಗಿ, ಮದ್ದು ಅಳೆಯುವಾಗ ತಾನೇ ಎಡವಿದೆ ಎಂದು ತಪ್ಪು ಒಪ್ಪಿಕೊಂಡಿದ್ದ. ಆಗ ಅವಳಿಗೆ ಅಯ್ಯೋ ಪಾಪ ಅನ್ನಿಸಿತ್ತು. ಆದರೆ ಹೋದ ವಾರ, ತಂಡದವರೆಲ್ಲ ಕಡ್ಡಿ ಎಂದು ಕರೆಯುವ ಗೆಳತಿ ಶೂ ದಾರ ಕಟ್ಟಿಕೊಳ್ಳುತ್ತ ನಗುನಗುತ್ತಲೇ ಅಂದಿದ್ದಳು: "ತಂಡದಲ್ಲಿ ಗಂಡನ ಜಾಗಕ್ಕೇ ಬಂದು ಅವರ ಕೈಲೇ ಗುಂಡು ತುಂಬಿಸ್ಕೋತೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು." ಅಂದಿನಿಂದ ಅವಳ ತಲೆಯಲ್ಲಿ ಹುಳ ಕೊರೆಯತೊಡಗಿತ್ತು. ಅವನು ಬಾಗಿಲು ಹಾಕಿಕೊಂಡು ಕೆಲಸ ಮಾಡುವುದು, ಮದ್ದಿನ ಡಬ್ಬಿ ಮುಟ್ಟಲು ಬಿಡದಿರುವುದು, ಎಲ್ಲಕ್ಕೂ ಬೇರೆಯೇ ಅರ್ಥ ಕಾಣತೊಡಗಿತ್ತು.

ಗಂಡ ಬಂದು ಕೈ ತೊಳೆದು ಕುಳಿತಾಗ ಅವನ ತಟ್ಟೆಯ ಪಕ್ಕದಲ್ಲಿ ಆ ಕಾಗದ, ಕೇಸು, ಸೀಸದ ತುಂಡು ಇದ್ದವು. ಅವನು ನೋಡಿದ. ಬೆಚ್ಚಿಬೀಳಲಿಲ್ಲ. ಅವಳಿಗೆ ಹೆಚ್ಚು ಹೆದರಿಕೆಯಾದದ್ದು ಅದರಿಂದಲೇ.

"ಡಬ್ಬಿಯಲ್ಲಿದ್ದ ಎಲ್ಲಾನೂ ತೂಗಿದ್ಯಾ?"

"ಐವತ್ತನ್ನೂ ತೂಗಿದೀನಿ. ಇದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೂದಲಷ್ಟೂ ಆಚೀಚೆ ಇಲ್ಲ. ಇಷ್ಟು ಸರಿಯಾಗಿ ಅಳೆಯೋರು ಎರಡು ಪಂದ್ಯದಲ್ಲೂ ಹೇಗೆ ಎಡವಿದ್ರಿ?"

ಅವನು ಕೇಸನ್ನು ಎತ್ತಿ ಅದರ ಬುಡ ತೋರಿಸಿದ. ಆ ಗುಂಡಿನ ಕೇಪನ್ನೂ ಕಿಡಿ ಹಾರದಂತೆ ತಾನೇ ಸಾಯಿಸಿಟ್ಟಿದ್ದೇನೆ, ಅದು ಇದ್ದಲ್ಲಿಂದ ಅಲುಗುವುದೇ ಇಲ್ಲ, ನಳಿಗೆಯಲ್ಲಿ ಸಿಕ್ಕಿಕೊಳ್ಳುವ ಮಾತೇ ಇಲ್ಲ ಎಂದ. ನಂಬಿಕೆ ಬಾರದಿದ್ದರೆ ಊಟವಾದ ಮೇಲೆ ಅಭ್ಯಾಸದ ಅಂಗಳಕ್ಕೆ ಬಾ, ಇನ್ನೊಂದು ಅಂಥದ್ದೇ ಇದೆ ಎಂದ.

ಅಂಗಳದಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಅವನು ಬೆನ್ನು ತಿರುಗಿಸಿ ಮ್ಯಾಗಜೀನಿಗೆ ಐದು ಗುಂಡು ತುಂಬಿ ಕೊಟ್ಟ. ಅವಳು ಕನ್ನಡಕ, ಕಿವಿಮುಚ್ಚಿಗೆ ಹಾಕಿಕೊಂಡಳು. ಮ್ಯಾಗಜೀನ್ ಸೇರಿಸುವ ಮೊದಲು ಪಿಸ್ತೂಲನ್ನು ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದಳು. ಅವನಿಗೆ ನೋವಾಗುತ್ತದೆಂದು ಗೊತ್ತಿತ್ತು, ಆದರೂ ಇಣುಕಿದಳು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವವನು ಅವತ್ತು ಬಂದು ಅವಳ ಬಲತೋಳಿನ ಪಕ್ಕದಲ್ಲೇ ನಿಂತ. ನಳಿಗೆ ಸಿಡಿದರೆ ಅವನ ಮುಖಕ್ಕೂ ತಗಲುವಷ್ಟು ಹತ್ತಿರ.

ಮೊದಲನೆಯದು ನಡುಮಧ್ಯಕ್ಕೆ ಹೋಯಿತು. ಎರಡನೆಯದು ಅದರ ಮಗ್ಗುಲಿಗೆ. ಮೂರನೆಯದಕ್ಕೆ ಬೆರಳು ಒತ್ತಿದಾಗ ಟಕ್ ಎಂದಿತಷ್ಟೆ, ಗುಂಡು ಹಾರಲಿಲ್ಲ. ಆ ಮೌನದಲ್ಲಿ ಪಿಸ್ತೂಲಿನ ಮೂತಿ ತಾನಾಗಿಯೇ ಎರಡು ಬೆರಳಷ್ಟು ಕೆಳಕ್ಕೆ ಕುಸಿದದ್ದನ್ನು ಅವಳು ತನ್ನ ಕಣ್ಣಾರೆ ಕಂಡಳು. ಗುಂಡು ಹಾರಿದ್ದರೆ ಸದ್ದು, ಹೊಗೆ, ಹಿಂದೊದೆತ ಎಲ್ಲವೂ ಸೇರಿ ಅದನ್ನು ಮುಚ್ಚಿಹಾಕುತ್ತಿದ್ದವು. ಬರಲಿರುವ ಸದ್ದಿಗೆ ಅವಳ ಕೈ ಮೊದಲೇ ಬೆದರುತ್ತಿತ್ತು.

ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಉಳಿದ ಗುಂಡುಗಳನ್ನು ಹೊರತೆಗೆದು, ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕಿವಿಮುಚ್ಚಿಗೆ ಸರಿಸಿದಳು.

"ಯಾವತ್ತಿಂದ ಗೊತ್ತಿತ್ತು ನಿಮ್ಗೆ?"

"ಮೊದಲನೇ ಪಂದ್ಯದಿಂದ."

ಹೇಳಿದ್ದರೆ ಪಂದ್ಯದ ದಿನ ಅವಳಿಗೆ ಅದೇ ಧ್ಯಾನವಾಗುತ್ತಿತ್ತು, ಅದಕ್ಕೇ ತಪ್ಪನ್ನು ತನ್ನ ಮೇಲೆ ಹಾಕಿಕೊಂಡೆ ಎಂದ. ಕೈಯ ಬೆದರು ತಾನಾಗಿ ಹೋಗಬಹುದು ಎಂದುಕೊಂಡಿದ್ದನಂತೆ. ಹೋಗಲಿಲ್ಲ. ಕೊನೆಗೆ, ಯಾರೂ ಇಲ್ಲದಾಗ ಅವಳೇ ಕಂಡುಕೊಳ್ಳಲಿ ಎಂದು ಅಭ್ಯಾಸದ ಡಬ್ಬಿಯಲ್ಲಿ ಒಂದನ್ನು ಬೆರೆಸಿಟ್ಟಿದ್ದ.

ಅವಳು ಖಾಲಿ ಮ್ಯಾಗಜೀನನ್ನು ಅವನ ಕಡೆ ಚಾಚಿದಳು. ಅವನು ಮತ್ತೆ ಬೆನ್ನು ತಿರುಗಿಸಿದ. ಒಂದೊಂದೇ ಗುಂಡು ಕಟಕ್ಕೆಂದು ಒಳಗಿಳಿಯುವ ಸದ್ದು ಕೇಳುತ್ತಿತ್ತು.

"ಈ ಸಲ ಎಷ್ಟು ಮದ್ದಿಲ್ಲದ್ದು ಹಾಕಿದ್ರಿ?" ಎಂದಳು.

"ಹೇಳಿದ್ರೆ ನಿನ್ನ ಕೈಗೂ ಕೇಳಿಸ್ಬಿಡುತ್ತೆ," ಎಂದ.