ಎಂಟರ್ ಒತ್ತಿದಾಗ

"ಅಪ್ಪನ ಮುಖ ಕೊನೇ ಸಲ ನೋಡೋಕೂ ಬಿಡಲಿಲ್ಲ ಇವರು!"

ಆಸ್ಪತ್ರೆಯ ಸಭಾಕೋಣೆಯಲ್ಲಿ ಕಿರಿಯ ನರ್ಸ್ ಹಾಗೆ ಕೂಗಿದಳು. ಎದುರಿಗೆ ಹೆಡ್ ನರ್ಸ್ ತಲೆ ತಗ್ಗಿಸಿ ಕೂತಿದ್ದರು. ರಜೆ ಅರ್ಜಿಗಳು ಕಂಪ್ಯೂಟರಿಗೆ ಬಂದ ಮೇಲೆ ಅವರಿಂದ ಒಬ್ಬರಿಗೂ ರಜೆ ಸಿಕ್ಕಿರಲಿಲ್ಲ. ಎಲ್ಲರ ಮೊಬೈಲಿಗೂ ಒಂದೇ ಉತ್ತರ: ತಿರಸ್ಕರಿಸಲಾಗಿದೆ.

"ನಾನು 'ಹೋಗಿ ಬಾ' ಅಂತಲೇ ಬರೆದಿದ್ದೆ," ಎಂದರು ಹೆಡ್ ನರ್ಸ್.

"ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಆಡಳಿತಾಧಿಕಾರಿ ಮೂಲೆಯತ್ತ ತಿರುಗಿದರು. "ಆ ರಜೆ ಅರ್ಜಿಯ ಪುಟ ಮಾಡಿದವರು ನೀವು. ನೀವೇ ಹೇಳಿ ಮೇಡಂ."

ಲ್ಯಾಪ್‌ಟಾಪ್ ತೆರೆದು ಕೂತಿದ್ದ ಪ್ರೋಗ್ರಾಮರ್ ಪರದೆಯಿಂದ ಕಣ್ಣೆತ್ತಿದಳು. ತಪ್ಪು ಎಲ್ಲಿದೆಯೆಂದು ಅವಳಿಗೆ ಆಗಷ್ಟೇ ತಿಳಿದಿತ್ತು. ಷರಾ ಬರೆಯುವ ಒಂದು ಸಾಲಿನ ಜಾಗದ ಕೆಳಗೆ ಎರಡು ಬಟನ್‌ಗಳು. ಮೊದಲು 'ತಿರಸ್ಕರಿಸು', ಆಮೇಲೆ 'ಮಂಜೂರು ಮಾಡು'. ಮೌಸ್ ಹಿಡಿದು ಒತ್ತಿದರೆ ತೊಂದರೆಯಿಲ್ಲ. ಷರಾ ಬರೆದು ಕೀಬೋರ್ಡಿನ ಎಂಟರ್ ಒತ್ತಿದರೆ ಮಾತ್ರ, ಯಾವ ಬಟನ್ ಎಂದು ಕಂಪ್ಯೂಟರ್ ಕೇಳುವುದಿಲ್ಲ; ಮೊದಲನೆಯದನ್ನೇ ಒತ್ತಿದಂತೆ ನಡೆದುಕೊಳ್ಳುತ್ತದೆ. ಹೆಡ್ ನರ್ಸ್ ಪ್ರತಿಸಲವೂ ಎಂಟರ್ ಒತ್ತಿದ್ದರು. 'ಬೇಗ ಹೊರಡು ಮಗಳೇ' ಎಂಬ ಷರಾದ ಕೆಳಗೇ 'ತಿರಸ್ಕೃತ' ಎಂದಿತ್ತು.

ಯಾರ ಹೆಸರೂ ಹೇಳಿಕೊಳ್ಳದೆ ಅವಳು ಗಿಟ್ಟಿಸಿದ ಮೊದಲ ಕೆಲಸ ಇದು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೆಡ್ ನರ್ಸ್ ಕಣ್ಣು ಅವಳ ಮುಖದ ಮೇಲೆ ಒಂದು ಕ್ಷಣ ನಿಂತಿತು.

"ಅವರನ್ಯಾಕೆ ಕೇಳ್ತೀರಿ ಸರ್? ನನಗೂ ವಯಸ್ಸಾಯ್ತು. ನಾನೇ ಏನೋ ತಪ್ಪಿ ಒತ್ತಿರ್ತೀನಿ."

ಪ್ರೋಗ್ರಾಮರ್ ಬಾಯಿ ಮುಚ್ಚಿಕೊಂಡಳು. ಹೆಡ್ ನರ್ಸ್ ಅವರನ್ನು ಆ ಹುದ್ದೆಯಿಂದ ಅಲ್ಲೇ ಇಳಿಸಿದರು. ಅವರು ಎದ್ದು ಕಿರಿಯ ನರ್ಸ್ ಎದುರು ಕೈ ಮುಗಿದರು. ಹುಡುಗಿ ಮುಖ ತಿರುಗಿಸಿಕೊಂಡಳು.

ಎಂಟರ್ ಒತ್ತಿದರೆ ಏನೂ ಆಗದಂತೆ ಪುಟವನ್ನು ಸರಿಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಆ ಮುಗಿದ ಕೈಗಳು ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ. ಯಾರನ್ನೂ ಮುಖವೆತ್ತಿ ನೋಡಲಾಗದೆ ಬೀದಿ ಬೀದಿ ಸುತ್ತಿದಳು. ಸಂಜೆ ಹೆಡ್ ನರ್ಸ್ ಮನೆಯ ಮೆಟ್ಟಿಲು ಹತ್ತಿ ನಿಂತಳು. ಬೆಲ್ ಒತ್ತಲು ಕೈ ಏಳಲಿಲ್ಲ. ಹೆಜ್ಜೆಯ ಸದ್ದಿಗೆ ಅವರೇ ಬಾಗಿಲು ತೆರೆದರು.

"ತಪ್ಪು ನಂದು," ಎಂದಳು. ಅಳು ಒತ್ತರಿಸಿ ಬಂತು. "ನಾಳೆ ಎಲ್ಲರ ಎದುರಿಗೂ ಹೇಳ್ತೀನಿ. ಮೊದಲು ಆ ಹುಡುಗಿಗೆ."

"ಹೇಳು. ಹೇಳಲೇಬೇಕು. ನಿನ್ನ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು." ಹೆಡ್ ನರ್ಸ್ ಒಳಕೋಣೆಯತ್ತ ನೋಡಿ ಧ್ವನಿ ತಗ್ಗಿಸಿದರು.

"ನಿನ್ನ ಗಂಡನಿಗೆ ಮಾತ್ರ ನಾನೇ ನಿಧಾನಕ್ಕೆ ಹೇಳ್ತೀನಿ, ಬಿಡು; ಹೆತ್ತವಳ ಮರ್ಯಾದೆ ವಿಷಯ ಬಂದ್ರೆ ನನ್ನ ಮಗ ಮುಂಗೋಪಿ."