ಜನರೇಟರ್ ಪಕ್ಕದ ಮುನೇಶ್ವರ

“ಆ ಕಲ್ಲು ಬ್ಯಾಂಕಿನ ಆಸ್ತಿ ಕಣ್ರೀ. ಡೆಮಾಲಿಷನ್ ಟೆಂಡರಲ್ಲಿ ಸೇರಿಹೋಗಿದೆ. ಹೊರಗೆ ಬಿಡೋಕಾಗಲ್ಲ,” ಎಂದರು ಬ್ಯಾಂಕಿನ ಮ್ಯಾನೇಜರು.

ಮುನಿಆಂಜನಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಕಲ್ಲಂತೆ! ಮುತ್ತಜ್ಜನ ಕಾಲದಿಂದ ತಮ್ಮ ಹೊಲದ ಬದುವಿನಲ್ಲಿ ಕೂತಿದ್ದ ಮನೆದೇವರು ಮುನೇಶ್ವರ. ತೊಂಬತ್ತೊಂದರಲ್ಲಿ ಟಿನ್ ಫ್ಯಾಕ್ಟರಿ ಹತ್ತಿರದ ಆ ಹೊಲವನ್ನು ಬ್ಯಾಂಕಿನವರು ಕೊಂಡು ಹದಿನಾಲ್ಕು ಅಂತಸ್ತು ಎಬ್ಬಿಸಿದಾಗ, ಮುಂಭಾಗದ ಅಂದ ಕೆಡುತ್ತದೆಂದು ದೇವರನ್ನು ಮೆಟ್ಟಿಲ ಕೆಳಗೆ, ಡೀಸೆಲ್ ಜನರೇಟರ್ ಪಕ್ಕಕ್ಕೆ ತಳ್ಳಿದ್ದರು. ಅಂದವಂತೆ ಅಂದ! ಗಾರೆಯಿಲ್ಲ, ಬಣ್ಣವಿಲ್ಲ, ಬರೀ ಬೋಳು ಕಾಂಕ್ರೀಟು. ಹಾಗೆ ಬಿಡುವುದೇ ಹೊಸ ಶೈಲಿ ಎಂದು ಬೀಗಿದ್ದರು. ಮೊದಲ ಮಳೆಗೇ ಸೋರಿತು. ಹದಿನೆಂಟೇ ವರ್ಷಕ್ಕೆ ಹಳತಾಯಿತಂತೆ, ಇದನ್ನು ಕೆಡವಿ ಇನ್ನು ಗಾಜಿನದು ಕಟ್ಟುತ್ತಾರಂತೆ. ಇವರ ಬುದ್ಧಿಗೆ ಬೆಂಕಿ ಹಾಕ!

“ಇವತ್ತು ಗೋಡೆ ಬಿದ್ರೆ ನಮ್ಮಪ್ಪ ಮುನೇಶ್ವರ ಜಲ್ಲಿ ಜೊತೆ ಲಾರಿ ಹತ್ತುತ್ತಾನೆ ಸಾರ್. ಮನೆಗೆ ಕರ್ಕೊಂಡೋಗ್ತೀನಿ, ಬಿಡಿ.”

“ಅರ್ಜಿ ಕೊಡಿ. ಹೆಡ್ ಆಫೀಸ್ ಒಪ್ಪಬೇಕು.”

ಅಷ್ಟರಲ್ಲಿ ಕೆಡಹುವ ಗುತ್ತಿಗೆ ಹಿಡಿದ ಮುಕ್ತಾರ್ ಒಳಗೆ ಬಂದ. “ಸಾರ್, ಒಳಗೆ ದೇವ್ರು ಇರೋ ತನಕ ಸುತ್ತಿಗೆ ಮುಟ್ಟಲ್ಲ ಅಂತ ಕೆಲಸದೋರೆಲ್ಲ ಕೂತ್ಬಿಟ್ಟವ್ರೆ.”

ಮ್ಯಾನೇಜರು ಬೆವೆತರು. ಮೊದಲ ಏಟು ನೋಡಲು ಇನ್ನೊಂದು ಗಂಟೆಯಲ್ಲಿ ಛೇರ್ಮನ್ನರೇ ಬರುವವರಿದ್ದರು. ಹೆಡ್ ಆಫೀಸು ಮರೆತೇಹೋಯಿತು. “ತಗೊಂಡ್ಹೋಗಿ ಯಜಮಾನ್ರೇ, ಈಗ್ಲೇ ತಗೊಂಡ್ಹೋಗಿ!”

“ಹಂಗೆಲ್ಲ ಕಿತ್ಕೊಂಡೋಗೋ ಹಂಗಿಲ್ಲ ಸಾರ್. ಭೂಮಿ ಯಾರ್ದೋ ಅವ್ರು ಹುಂಜ ಹಿಡ್ಕೊಂಡು ಕೇಳ್ಬೇಕು. ಅದ್ರ ತಲೆ ಮೇಲೆ ನೀರು ಹಾಕ್ದಾಗ ಮೈ ಒದರಿದ್ರೆ ದೇವ್ರು ಹೊರಡಕ್ಕೆ ಒಪ್ಪಿದ ಅಂತ. ಭೂಮಿ ಯಾರ್ದು ಸಾರ್, ನಂದಾ, ನಿಮ್ದಾ?”

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಕೊನೆಗೆ, “ಬ್ಯಾಂಕಿಂದು,” ಎಂದರು.

ಮುಕ್ತಾರ್ ಎದುರಿನ ಅಂಗಡಿಯಿಂದ ನಾಟಿ ಹುಂಜ ತಂದು, ಮೆಟ್ಟಿಲ ಕೆಳಗೆ ಬಂದು ನಿಂತಿದ್ದ ಮ್ಯಾನೇಜರ ಕೈಗಿಟ್ಟ. ಮುನಿಆಂಜನಪ್ಪ ಮಸಿ ಹಿಡಿದ ಕಲ್ಲನ್ನು ತೊಳೆದು ಅರಿಸಿನ ಹಚ್ಚಿದ. ಇಷ್ಟು ವರ್ಷ ನಿನಗೆ ಹೊಗೆ ಕುಡಿಸಿದೆನಲ್ಲ ತಂದೆ ಎಂದು ಅವನ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು ಹುಂಜದ ತಲೆಗೆ ನೀರು ಹೊಯ್ದ.

ಹುಂಜ ಅಲ್ಲಾಡಲಿಲ್ಲ. ಇನ್ನೊಂದು ಚೊಂಬು ಹೊಯ್ದ. ನೀರು ಮ್ಯಾನೇಜರ ಟೈ ತೋಯಿಸಿಕೊಂಡು ಬೂಟಿಗಿಳಿಯಿತು. ಹುಂಜ ಮಾತ್ರ ಅವರನ್ನೇ ದುರುಗುಟ್ಟಿ ನೋಡುತ್ತಿತ್ತು.

ಗೇಟಿನಲ್ಲಿ ಛೇರ್ಮನ್ನರ ಕಾರು ಹಾರ್ನ್ ಹೊಡೆಯಿತು. ಮ್ಯಾನೇಜರು ಹುಂಜದ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

“ಸಾರ್, ಪ್ಲೀಸ್... ಸ್ವಲ್ಪ ಬೇಗ ಒದರಿ.”