ಕೆಂಪು ವಸ್ತ್ರದೊಳಗಿನ ಜಿಂಕೆ

"ರೀ, ಬಾಗಲಾ ಯಾಕ ಹಾಕ್ಕೊಂಡೀರಿ?"

ಹೆಂಡತಿ ಶಿವಗಂಗವ್ವನ ದನಿ ಕೇಳುತ್ತಲೇ ಅಪ್ಪಾಸಾಹೇಬರು ಪುಸ್ತಕದ ಮೇಲೆ ಕೆಂಪು ವಸ್ತ್ರ ಎಳೆದರು. ಕಣ್ಣೊರೆಸಿಕೊಂಡರು. "ಪುರಾಣ ಓದಾಕತ್ತೀನಿ. ನಡುವ ಮಾತಾಡಸಬಾರದು ಅಂತ ಗೊತ್ತಿಲ್ಲೇನು?" ಎಂದು ಒಳಗಿನಿಂದಲೇ ಗದರಿದರು.

ಓದುತ್ತಿದ್ದುದು ಪುರಾಣವಲ್ಲ. ಹದಿಹರೆಯದವರಿಗಾಗಿ ಯಾರೋ ಇಂಗ್ಲಿಷಿನಲ್ಲಿ ಬರೆದು, ಇನ್ಯಾರೋ ಮರಾಠಿಗೆ ತಂದ ದಪ್ಪ ಕಾದಂಬರಿ. ಮೋಡಗಳ ಮೇಲೊಂದು ಅರಮನೆ, ಚಾಡಿ ಹೇಳುವ ಗೂಬೆಗಳು, ಹಗಲು ಹುಡುಗನಾಗಿದ್ದು ಇರುಳು ರೆಕ್ಕೆಯ ಜಿಂಕೆಯಾಗುವ ನಾಯಕ. ಆ ಜಿಂಕೆ ಇವತ್ತು ಮೊದಲ ಸಲ ರಾಜಕುಮಾರಿಯ ಕೈಯಿಂದ ಹುಲ್ಲು ತಿಂದಿತ್ತು. ಪಿಂಪ್ರಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟ, ಗಿರಾಕಿಗಳು ಚೌಕಾಸಿ ಮಾಡಲೂ ಹೆದರುವ ಅಪ್ಪಾಸಾಹೇಬರು ಅಷ್ಟಕ್ಕೇ ಅತ್ತುಬಿಟ್ಟಿದ್ದರು. ಹಣೆಯ ತುಂಬ ವಿಭೂತಿ, ಕಣ್ಣ ತುಂಬ ಜಿಂಕೆ. ನಾಚಿಕೆ ಆಗಬೇಕು ನಿನಗೆ ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಪುಟ ತಿರುಗಿಸಿದರು.

ಪಾರಾಯಣಕ್ಕೆ ಕೂತದ್ದು ಮಗಳು ತ್ರಿವೇಣಿಗಾಗಿ. ಹಡಪಸರದ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಓಂಕಾರ್ ಎಂಬ ಮರಾಠಿ ಹುಡುಗನನ್ನೇ ಮದುವೆಯಾಗುತ್ತೇನೆ ಎಂದು ಅವಳು ಕೂತಿದ್ದಳು. ಅಪ್ಪ ಬೆಳಗಾವಿಯ ವರನೊಬ್ಬನನ್ನು ನೋಡಿಟ್ಟಿದ್ದರು. ಮನೆಯಲ್ಲಿ ಯಾರಾದರೂ ಹಟಕ್ಕೆ ಬಿದ್ದರೆ ಹಿರಿಯನಾದವನು ಶ್ರಾವಣದಲ್ಲಿ ಪುರಾಣ ಓದಬೇಕು, ಓದು ಮುಗಿಯುವ ಮಂಗಲದ ಹೊತ್ತಿಗೆ ಹಟ ಕರಗುತ್ತದೆ ಎಂಬುದು ಅವರ ಊರ ಕಡೆಯ ನಂಬಿಕೆ. ಮಂಗಲದ ದಿನವೇ ಬೆಳಗಾವಿಯವರು ಮಾತುಕತೆಗೆ ಬರುವುದೆಂದು ಗೊತ್ತಾಗಿತ್ತು.

ಮೊದಲ ದಿನ ಪುರಾಣ ಕಟ್ಟಿಟ್ಟ ವಸ್ತ್ರ ಬಿಚ್ಚಿದರೆ ಒಳಗೆ ಈ ಕಾದಂಬರಿ. ಹುಡುಗಿಯ ಬುದ್ಧಿವಂತಿಕೆ ನೋಡು ಎಂದುಕೊಂಡರು. ದೇವರ ಮಾಡದಲ್ಲಿರುವ ಗಂಟನ್ನು ಬೇರೆ ಯಾರು ಬಿಚ್ಚುತ್ತಾರೆಂದು ತನ್ನ ಪುಸ್ತಕ ಬಚ್ಚಿಟ್ಟಿದ್ದಾಳೆ! ಎದ್ದು ಹೋಗಿ ಉಗಿಯಬೇಕಿತ್ತು. ಆದರೆ ಒಮ್ಮೆ ಕೂತವನು ಅಧ್ಯಾಯ ಮುಗಿಯದೆ ಏಳುವಂತಿಲ್ಲ. ಹೊರಗೆ ಶಿವಗಂಗವ್ವ ಟೀವಿ ಬಂದ್ ಮಾಡಿಸಿ, ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕಾವಲು ಕೂತಿದ್ದಳು. ಸುಮ್ಮನೆ ಕೂಡುವ ಬದಲು ಒಂದು ಪುಟ ನೋಡೋಣ, ಹುಡುಗಿ ಹಾಳಾದದ್ದು ಹೇಗೆಂದು ತಿಳಿಯಲಿ ಅಂದುಕೊಂಡರು. ಇಂಗ್ಲಿಷಿನಲ್ಲಿದ್ದರೆ ಬದುಕಿಕೊಳ್ಳುತ್ತಿದ್ದರು. ಮರಾಠಿ ಅವರಿಗೆ ನೀರು ಕುಡಿದಷ್ಟು ಸುಲಭ.

ಆಮೇಲೆ ಬಾಯಿ ಬಿಡುವ ದಾರಿಯೇ ಉಳಿಯಲಿಲ್ಲ. ಪುರಾಣ ಎಲ್ಲಿ ಎಂದು ಕೇಳಿದರೆ, ಇಷ್ಟು ದಿನ ಏನು ಓದಿದಿರಿ ಎಂದು ಹೆಂಡತಿ, ಮಗಳು ಕೇಳುತ್ತಾರೆ. ಒಂದು ಪುಟದ ಮೂಲೆಯಲ್ಲಿ ತಪಕೀರಿನ ಕಲೆ ಕಂಡಾಗಲಂತೂ ಪುಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಮಗಳು ಮೂಗಿಗೆ ತಪಕೀರು ಏರಿಸುವಷ್ಟು ಮುಂದುವರಿದಿದ್ದಾಳೆಯೇ? ಅದನ್ನೂ ಕೇಳುವಂತಿರಲಿಲ್ಲ.

"ಭಾಳ ಭಕ್ತಿ ಬಂದದ ನಿಮಗ," ಎಂದಳು ಶಿವಗಂಗವ್ವ ಊಟಕ್ಕೆ ಬಡಿಸುತ್ತ. "ಕಣ್ಣು ಕೆಂಪಗ ಆಗ್ಯಾವು."

"ಕಥಿನ ಹಂಗ ಅದ."

"ಯಾರ್ದು ಕಥಿ?"

"ಒಬ್ಬ ರಾಜಾ. ಅವನ ಮಗಳು." ಅಪ್ಪಾಸಾಹೇಬರು ಸಾರಿನ ಬಟ್ಟಲಿನಲ್ಲಿ ಮುಖ ಮರೆಸಿಕೊಂಡರು.

ಚಿಂಚವಾಡದ ಸಿದ್ರಾಮಪ್ಪ ನೆನಪಾದರು. ಕಲ್ಲಿನಂಥ ಮನುಷ್ಯ. ಹೋದ ವರ್ಷ ಇದ್ದಕ್ಕಿದ್ದಂತೆ ಮಗಳು ಮುಕ್ತಾಳನ್ನು ಅವಳು ಮೆಚ್ಚಿದ ಗುಜರಾತಿ ಹುಡುಗನಿಗೇ ಕೊಟ್ಟುಬಿಟ್ಟಿದ್ದರು. "ಪುರಾಣ ಓದಿ ಓದಿನೂ ಬುದ್ಧಿ ಬರಲಿಲ್ಲ ಮುದುಕಗ," ಎಂದು ಅಪ್ಪಾಸಾಹೇಬರೂ ಗೆಳೆಯ ಮಲಕಪ್ಪನೂ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಜಿಂಕೆಗಾಗಿ ಅಳುವ ತಮ್ಮನ್ನು ಮಲಕಪ್ಪ ಕಂಡರೆ? ಪಿಂಪ್ರಿ ಮಾರ್ಕೆಟ್ಟಿನಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ.

ಮಂಗಲದ ದಿನ ಬಂತು. ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ತ್ರಿವೇಣಿ ಮುಖ ಊದಿಸಿಕೊಂಡು ಸೀರೆ ಉಟ್ಟು ಕೂತಿದ್ದಳು. ಬೆಳಗಾವಿಯವರು ಇನ್ನೇನು ಊರು ಬಿಡುವವರಿದ್ದರು. ಒಳಗೆ ಅಪ್ಪಾಸಾಹೇಬರು ಕೊನೆಯ ಅಧ್ಯಾಯದಲ್ಲಿದ್ದರು. ಕೆಳಗಿನ ನಾಡಿನವನು, ನಮ್ಮ ಕುಲದವನಲ್ಲ ಎಂದು ರಾಜ ಜಿಂಕೆಯ ರೆಕ್ಕೆ ಕತ್ತರಿಸಲು ಕತ್ತಿ ಎತ್ತಿದ್ದ. ರಾಜಕುಮಾರಿ ಕೂಗಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತ ನಿಂತಳು.

"ಥೂ! ನೀನೂ ಒಬ್ಬ ಅಪ್ಪನೇನೋ!"

ಕೂಗು ಮನೆಯೆಲ್ಲ ಕೇಳಿಸಿತು. ಬಾಗಿಲಾಚೆಯಿಂದ ಶಿವಗಂಗವ್ವನ ದನಿ ಬಂತು, ಮೆತ್ತಗೆ.

"ಯಾರಿಗ್ರಿ ಬೈಲಿಕ್ಕತ್ತೀರಿ?"

"ಆ ರಾಜಾಗ! ಮಗಳ ಮನಸು ಒಮ್ಮೆರ ಕೇಳಬೇಕಿಲ್ಲೋ, ಮೂರ್ಖ!"

"ಅವಗ ಹೇಳವರು ಯಾರೂ ಇದ್ದಿಲ್ಲೇನ್ರಿ?"

ಅಪ್ಪಾಸಾಹೇಬರು ಪುಸ್ತಕ ಕೆಳಗಿಟ್ಟರು. ತಮಗೆ ಹೇಳುವವರು ಮನೆಯಲ್ಲೇ ಇದ್ದರು. ತಿಂಗಳುಗಟ್ಟಲೆ ಅತ್ತು ಕರೆದು ಹೇಳಿದ್ದರು. ಗೂಬೆ ಮಾತನಾಡುವ ಪುಸ್ತಕ ಓದಿ ಬುದ್ಧಿ ಕಲಿಯುವ ಗತಿ ಬಂತಲ್ಲ ತನಗೆ ಎಂದು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಧ್ಯಾಯ ಮುಗಿಸದೆ ಎದ್ದರು. ಬೆಳಗಾವಿಗೆ ಫೋನು ಮಾಡಿ, ಬರಬೇಡಿರಿ, ತಪ್ಪು ನನ್ನದು, ಹುಡುಗಿಯ ಮನಸ್ಸು ಬೇರೆ ಕಡೆ ಇದೆ ಎಂದು ಕೈಮುಗಿದಷ್ಟು ವಿನಯದಿಂದ ಹೇಳಿದರು. ಹೊರಗೆ ಬಂದು ಮಗಳ ತಲೆಯ ಮೇಲೆ ಕೈ ಇಟ್ಟರು.

"ತ್ರಿವೇಣಿ, ಓಂಕಾರಗ ಫೋನ್ ಹಚ್ಚು. ಹೋಳಿಗಿ ಉಣ್ಣಾಕ ಬಾ ಅನ್ನು."

ತ್ರಿವೇಣಿ ಅಪ್ಪನ ಎದೆಗೆ ಒರಗಿ ಅತ್ತಳು. ಅಪ್ಪಾಸಾಹೇಬರು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜಿಂಕೆ ಉಳಿಯಿತೋ ಇಲ್ಲವೋ ತಿಳಿಯದೆ ಹೋಳಿಗೆ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಸಂಜೆ ಅವರು ಓಂಕಾರನನ್ನು ಕಳಿಸಲು ಬಸ್ ಸ್ಟಾಪಿಗೆ ಹೋದಾಗ, ಶಿವಗಂಗವ್ವ ಮಲಕಪ್ಪನ ಹೆಂಡತಿ ತಾಯಮ್ಮನಿಗೆ ಫೋನು ಹಚ್ಚಿದಳು.

"ತಾಯವ್ವಾ, ನಿಮ್ಮ ಮನ್ಯಾಗ ಸೋಮವಾರ ಪಾರಾಯಣ ಸುರು ಆಗೂದರಾಗ ನಾ ಕಳಿಸೂ ಈ ಜಿಂಕಿ ಪುಸ್ತಕ ವಸ್ತ್ರದಾಗ ಕಟ್ಟಿಡು, ತಪಕೀರು ಏರಿಸಿಕೋತ ಓದಿದ ಸಿದ್ರಾಮಪ್ಪಣ್ಣಗೂ ಇದ ನಾಟಿತ್ತು, ನಮ್ಮವರಿಗೂ ನಾಟಿತು, ನಿಮ್ಮ ಮಗಳು ರಂಜಿನಿದೂ ಮೆಚ್ಚಿದ ಹುಡುಗನ ಕೂಡ ಲಗ್ನ ಆಗ್ತದ."